ಕಂದೀಲು

ಕಪನೂರಿನ ಬೇಳೆ ಮಿಲ್ಲಿನ ಹಿಂದಿನ ಖೋಲಿ.
ರಾತ್ರಿ ಹತ್ತಾದರೂ ಪತ್ರಾ ಇನ್ನೂ ಕಾದದ,
ಮೂಲ್ಯಾಗಿನ ಕೂಲರಿಗೆ ಮೂರು ಬಕೆಟ್ ನೀರು ಕುಡಿಸೀನಿ.
ಮೇಜಿನ ಮ್ಯಾಲ ಹೊಟ್ಟಿ ತೆರೆದ ಕಂಪ್ಯೂಟರು,
ಅದರಾಗ ಒಂದು ಗ್ರಾಫಿಕ್ಸ್ ಕಾರ್ಡು,
ಸೂಪರ್ ಮಾರ್ಕೆಟಿನ ನಸೀರ ಫೋಟೋದವರ ಕಡಿಂದ ಸೆಕೆಂಡ್ ಹ್ಯಾಂಡು.
ಆರು ವರ್ಷ ಮದಿವಿ ವಿಡಿಯೋ ಕತ್ತರಿಸ್ಯದ.
ಎಷ್ಟು ಮಂದಿ ಮ್ಯಾಲ ಅಕ್ಷತಿ ಬಿದ್ದವು, ಎಷ್ಟು ಮಂದಿ ಕಬೂಲ್ ಅಂದರು
ಇದರ ಪಂಖಾದ ಧೂಳಿಗೆ ಗೊತ್ತು.
ಈಗ ಇದಕ್ಕ ತೊಗರಿ ನೋಡೂದು ಕಲಿಸಬೇಕು.

ಹೋದ ತಿಂಗಳು ಎಲ್ಲಾ ಸೀದಾ ಕಂಪ್ಯೂಟರಿನಾಗೇ ಸುರುವಿದ್ದೆ.
ಒಂದು ಲೈಬ್ರರಿ ಹೊಸದು ಬಂದರ ಇನ್ನೊಂದು ಮುನಿಸ್ಕೊಂತು,
ಎರಡು ಪೈಥಾನು ಒಂದಕ್ಕೊಂದು ಬೆನ್ನು ತಿರುವಿ ಕುಂತವು,
ಕಡೀಕ ಮಾಲಕರ ಬಿಲ್ಲಿನ ಸಾಫ್ಟ್‌ವೇರೂ ಮಲಗಿತು.
"ಶಶಿರೇಖಾ, ನಿನ್ನ ಆಟ ಬ್ಯಾರೆ ಡಬ್ಬಿಯೊಳಗ ಆಡವಾ" ಅಂದ್ರು.
ಬೈದದ್ದೇ ದಾರಿ ಆತು.

ಅದಕ್ಕ ಈಗ ಕಂಟೇನರು.
ತನ್ನ ಹಿಟ್ಟು ತನ್ನ ಉಪ್ಪು ತಾನೇ ಕಟ್ಟಿಕೊಂಡು ಬಂದದ್ದು.
ಒಳಗ ಏನು ಕೆಟ್ಟರೂ ಹೊರಗ ನಾರೂದಿಲ್ಲ.

ಭಾಗಮ್ಮ ಮೊರ ಬದಿಗಿಟ್ಟು ಇಣುಕಿದಳು:
"ಹಂಗಾದರ ಹಗೇವು ಅನ್ನು."
ಆಕಿ ತವರು ಆಳಂದದ ಕಡೆ. ಸಣ್ಣಾಕಿದ್ದಾಗ
ಜೋಳದ ಹಗೇವಿಗೆ ಇಳಿಯೂದು ಆಕಿದೇ ಪಾಳಿ.
"ಬಾಯಿ ಸಣ್ಣದು, ನಾನೂ ಸಣ್ಣಾಕಿ, ಹಿಡಸ್ತಿದ್ದೆ.
ಆದರ ಮೊದಲ ಹಗ್ಗಕ್ಕ ಕಂದೀಲು ಕಟ್ಟಿ ಇಳಸ್ತಿದ್ರು.
ಆರಿತೋ, ಒಳಗ ಕೆಟ್ಟ ಗಾಳಿ. ಯಾರೂ ಇಳೀಬಾರದು."

ನನ್ನ ಹತ್ರನೂ ಕಂದೀಲದ, ಒಂದೇ ಸಾಲಿಂದು.
ಒಳಗಿಳಿದು, ಕಾರ್ಡು ಕಾಣ್ತದೇನು ಅಂತ ಕೇಳಿ,
ಜವಾಬು ಹೇಳಿ, ತನ್ನ ಡಬ್ಬಿ ತಾನೇ ಅಳಿಸಿಕೊಂಡು ಹೋಗೂದು.

ಇಳಿಸಿದೆ. ಆರಿತು.
ಹೊರಗಿಂದ ಕೇಳಿದರ ಕಾರ್ಡು ಹೂಂ ಅಂತದ,
ಹೆಸರು ಹೇಳ್ತದ, ತನ್ನ ಜ್ವರಾನೂ ಹೇಳ್ತದ, ಐವತ್ತೆಂಟು ಡಿಗ್ರಿ.
ಒಳಗಿಂದ ಕೇಳಿದರ:
ಅಂಥವರು ಯಾರೂ ಇಲ್ರಿ ಇಲ್ಲಿ.

ಡ್ರೈವರು ಹಳೇದು, ಒಳಗಿನ ಕುಡಾ ಹೊಸದು.
ಡ್ರೈವರ್ ಏರಿಸಿದೆ, ಇಳಿಸಿದೆ. ಆರಿತು.
ನಡುವ ಒಬ್ಬ ಅಡತಿ ಬೇಕಂತ, ಟೂಲ್‌ಕಿಟ್ಟು ಅಂತ ಅವನ ಹೆಸರು.
ಗಂಜಿನ ಗೇಟಿನ ಮುಂದ ಬೆಳೆದಾಕಿ ನಾ,
ಇದು ಮೊದಲೇ ಹೊಳೀಬೇಕಿತ್ತು.
ಅಡತಿಯನ್ನ ಕರೆತಂದು ಕುಂದ್ರಿಸಿ, ಕಾಗದಾ ಪತ್ರ ಬರೆದುಕೊಟ್ಟು
ಇಳಿಸಿದೆ.
ಆರಿತು.
ಅಷ್ಟೊತ್ತಿಗೆ ಇಡೀ ಕಪನೂರಿನ ಲೈಟೇ ಹೋತು.

ಕತ್ತಲದಾಗ ಇಬ್ಬರೂ ಖಡಕ್ ರೊಟ್ಟಿ ಮುರಿದು ತಿಂದೆವು, ಶೇಂಗಾ ಹಿಂಡಿ.
ಮುರಿಯೂ ಸಪ್ಪಳ ಬಿಟ್ಟರ ಮತ್ತೊಂದಿಲ್ಲ.
ಹನ್ನೊಂದೂ ಕಾಲಿಗೆ ಲೈಟು ಬಂದವು.
ಸಿಟ್ಟಿನಾಗ, ಮತ್ತೇನೂ ಮುಟ್ಟದೇ, ಇಳಿಸಿದೆ.

ಹತ್ತೇ ಬಿಟ್ಟಿತು.
ಒಳಗಿಂದ ಕಾರ್ಡು, ಅದೇ ಹೆಸರು, ಅದೇ ಜ್ವರ.
ಬರೆದುಕೊಟ್ಟ ಮ್ಯಾಲ ಡಾಕರ್ ಒಮ್ಮೆ ಎಬ್ಬಿಸಿ ಕುಂದ್ರಸಬೇಕಿತ್ತು.
ನಾ ಮರೆತೆ. ಜೆಸ್ಕಾಂನವರು ಮರೀಲಿಲ್ಲ.

ಆಮ್ಯಾಲ ಫೋಟೋ. ನಾ ತೋರಸ್ತೀನಿ, ಭಾಗಮ್ಮ ಹೇಳ್ತಾಳ:
ಹಳ್ಳು. ಛಲೋದು. ಹುಳ. ಛಲೋದು. ಛಲೋದು.
ಒಂದರ ಮ್ಯಾಲ ಬೆರಳು ನಿಂತಿತು.
"ಇದು ಹುಳ ಅಲ್ಲವಾ. ರಾಶಿ ಮಾಡೂ ಮುಂದ ಮಳಿ ತಿಂದದ್ದು.
ಬೇಳಿ ಆಗ್ತದ. ಕುದಿಯೂದಿಲ್ಲ."
ನನ್ನ ಪಟ್ಟಿಯೊಳಗ ಅಂಥಾ ಖಾನೆನೇ ಇಲ್ಲ.

ಹೊಸ ಫೋಲ್ಡರ್ ಮಾಡಿದೆ: ಮಳಿ ತಿಂದದ್ದು.
ಡಬ್ಬಿಯೊಳಗಲ್ಲ. ಡಬ್ಬಿ ನಾಳೆ ಒಗೆದು ಬ್ಯಾರೆ ಕಟ್ಟತೀನಿ.
ಹೊರಗಿನ ಡಿಸ್ಕಿನಾಗಿಟ್ಟು, ಒಳಗ ಕಾಣೂವಷ್ಟು
ಕಿಂಡಿ ಕೊರೆದೆ.

"ಅದು ಎಲ್ಲಾ ಕಲಿತ ಮ್ಯಾಲ" ಅಂದಳು ಭಾಗಮ್ಮ,
ಮೊರದ ಅಂಚು ತೀಡಿಕೋತ,
"ಇದನ್ನ ಯಾರಿಗೆ ಕೊಡ್ಲಿ?"

ಕಾರ್ಡಿನ ಪಂಖಾ ಜೋರಾಗಿತ್ತು.
ಕೂಲರಿಗೆ ನೀರು ತರತೀನಿ ಅಂತ
ನಾ ಬಕೆಟ್ ಹಿಡಕೊಂಡು ಎದ್ದೆ.